ಹಳೆಯ ಮೋಟಾರಿಗೆ ಸೊಂಟಪಟ್ಟಿ

ಮೋಟಾರು ನಿಂತರೂ ಅದರಲ್ಲಿ ಕುಳಿತವನು ನಿಲ್ಲುವುದಿಲ್ಲ. ಎತ್ತುಗಳು ಬೆದರಿ ಚಕ್ಕಡಿ ಗಕ್ಕನೆ ನಿಂತಾಗ ಮೇಲೆ ಕುಳಿತವನು ಮುಂದಕ್ಕೆ ಮುಗ್ಗರಿಸುವುದನ್ನು ನಮ್ಮ ಸೀಮೆಯವರೆಲ್ಲರೂ ಕಂಡಿದ್ದಾರೆ. ಚಲಿಸುವ ವಸ್ತುವು ಹೊರಗಿನ ಬಲವೊಂದು ತಡೆಯುವವರೆಗೆ ಚಲಿಸುತ್ತಲೇ ಇರುವುದೆಂಬ ನ್ಯೂಟನ್ನನ ಮೊದಲನೆಯ ನಿಯಮವನ್ನು ಹೈಸ್ಕೂಲಿನಲ್ಲಿ ಬಾಯಿಪಾಠ ಮಾಡಿದವರಿಗೆ ಇದು ಹೊಸ ಮಾತಲ್ಲ. ಆದರೆ ಆ ತಡೆಯುವ ಬಲವು ಎಲ್ಲಿಂದ ಬರಬೇಕು, ದೇಹದ ಯಾವ ಭಾಗದ ಮೇಲೆ ಬೀಳಬೇಕು ಎಂಬುದನ್ನು ನಮ್ಮಲ್ಲಿ ವಿಚಾರಿಸುವವರು ಕಡಿಮೆ. ಕಲಾವಿಭಾಗದ ವಿದ್ಯಾರ್ಥಿಯಾದ ನಾನು ಇದನ್ನು ಕಲಿತದ್ದು ಪುಸ್ತಕದಿಂದ ಅಷ್ಟಲ್ಲ, ತಾಳಿಕೋಟೆಯ ಒಂದು ಗ್ಯಾರೇಜಿನಲ್ಲಿ.

ನನ್ನ ಸೋದರಮಾವನವರು 1968ರ ಫಿಯೆಟ್ ಕಾರೊಂದನ್ನು ಕೊಂಡು ಅದನ್ನು ಮತ್ತೆ ಮೊದಲಿನ ಸ್ಥಿತಿಗೆ ತರಿಸುತ್ತಿದ್ದಾರೆ. ಮುಂಬಯಿಯ ಕುರ್ಲಾದಲ್ಲಿದ್ದ ಪ್ರೀಮಿಯರ್ ಕಾರ್ಖಾನೆಯು 1964ರಿಂದ ಫಿಯೆಟ್ 1100 ಡಿಲೈಟ್ ಎಂಬ ಹೆಸರಿನಲ್ಲಿ ತಯಾರಿಸಿದ ಕಾರು ಇದು. ಇದೇ ಕಾರು 1970ರ ದಶಕದಲ್ಲಿ ಪ್ರೀಮಿಯರ್ ಪದ್ಮಿನಿಯೆಂದು ಮನೆಮಾತಾಯಿತು. ಮುಂದುಗಡೆ ಬೆಂಚಿನಂತಹ ಒಂದೇ ಉದ್ದನೆಯ ಸೀಟು, ಸ್ಟೇರಿಂಗಿನ ಬಳಿಯಲ್ಲೇ ಗೇರು. ಸೀಟ್ ಬೆಲ್ಟು ಮಾತ್ರ ಇಲ್ಲ. “ಹುಟ್ಟಿದಾಗ ಇಲ್ಲದ ಬೆಲ್ಟು ಈಗ ಯಾಕ ಬೇಕೋ ತಮ್ಮಾ?” ಎಂಬುದು ಮಾವನವರ ಪ್ರಶ್ನೆಯಾಗಿತ್ತು. ಅತ್ತೆಯವರೂ ಮಕ್ಕಳೂ ಇದೇ ಕಾರಿನಲ್ಲಿ ಮುದ್ದೇಬಿಹಾಳಕ್ಕೂ ವಿಜಯಪುರಕ್ಕೂ ಹೋಗಿಬರುವವರಾದುದರಿಂದ ಈ ಪ್ರಶ್ನೆಗೆ ಸರಿಯಾದ ಉತ್ತರ ಕೊಡುವುದು ಅವಶ್ಯವೆನಿಸಿತು.

ಮೊದಲು ಒಂದು ಚಿಕ್ಕ ಲೆಕ್ಕ. ಗಂಟೆಗೆ 50 ಕಿಲೋಮೀಟರ್ ವೇಗವೆಂದರೆ ಸೆಕೆಂಡಿಗೆ ಸುಮಾರು 14 ಮೀಟರ್. ಮೇಲಿನಿಂದ ಬೀಳುವವನಿಗೆ ಅಷ್ಟು ವೇಗ ಬರಬೇಕಾದರೆ ಅವನು ಸುಮಾರು 10 ಮೀಟರ್ ಎತ್ತರದಿಂದ, ಅಂದರೆ ಮೂರಂತಸ್ತಿನ ಮಾಳಿಗೆಯಿಂದ ಬೀಳಬೇಕು. ಈ ವೇಗದಲ್ಲಿ ಕಾರು ಮರಕ್ಕೆ ಬಡಿಯಿತೆನ್ನೋಣ. ಕಾರಿನ ಮೂತಿ ಜಜ್ಜಿ ಒಳಸರಿಯುವ ಅಂತರ, ಬೆಲ್ಟು ತುಸು ಹಿಗ್ಗುವ ಅಂತರ ಎರಡೂ ಸೇರಿ 60 ಸೆಂಟಿಮೀಟರ್ ಎಂದು ಹಿಡಿದರೆ, 60 ಕಿಲೋ ತೂಕದ ಮನುಷ್ಯನನ್ನು ಅಷ್ಟರೊಳಗೆ ನಿಲ್ಲಿಸಲು ಸರಾಸರಿ ಒಂದು ಟನ್ ಭಾರದಷ್ಟು ಬಲ ಬೇಕಾಗುತ್ತದೆ. ಬೆಲ್ಟು ಇಲ್ಲದವನು ಅದೇ ವೇಗದಲ್ಲಿ ಹೋಗಿ ಡ್ಯಾಶ್ ಬೋರ್ಡಿಗೆ ಬಡಿದು ಐದೇ ಸೆಂಟಿಮೀಟರಿನಲ್ಲಿ ನಿಲ್ಲುತ್ತಾನೆ. ಅಂತರವು ಹನ್ನೆರಡನೆಯ ಒಂದು ಪಾಲಾದುದರಿಂದ ಬಲವು ಹನ್ನೆರಡು ಪಟ್ಟಾಗುತ್ತದೆ. ಕೈಯೂರಿ ತಡೆದುಕೊಳ್ಳುತ್ತೇನೆಂಬವರು, ಮಗುವನ್ನು ತೊಡೆಯ ಮೇಲೆ ಗಟ್ಟಿಯಾಗಿ ಹಿಡಿದಿದ್ದೇನೆಂಬವರು ಈ ಲೆಕ್ಕವನ್ನೊಮ್ಮೆ ಮಾಡಿ ನೋಡಬೇಕು.

ಬೆಲ್ಟುಗಳಲ್ಲಿ ಮುಖ್ಯವಾಗಿ ಎರಡು ಬಗೆ. ಭುಜದ ಮೇಲೆ ಹಾಯದೆ ಸೊಂಟವನ್ನಷ್ಟೇ ಬಿಗಿಯುವುದು ಸೊಂಟಪಟ್ಟಿ. ಇದಕ್ಕೆ ನೆಲದಲ್ಲಿ ಎರಡು ನೆಲೆಗಳು ಸಾಕು. ಅಮೇರಿಕೆಯ ನ್ಯಾಶ್ ಕಂಪನಿಯು 1949ರಲ್ಲಿಯೇ ಇದನ್ನು ತನ್ನ ಕಾರುಗಳಿಗೆ ಒದಗಿಸಿತ್ತು. ಸೊಂಟವನ್ನೂ ಎದೆಯನ್ನೂ ಹಿಡಿಯುವ ಮೂರು ನೆಲೆಗಳ ಪಟ್ಟಿಯನ್ನು ಸ್ವೀಡನ್ನಿನ ವೋಲ್ವೊ ಕಂಪನಿಯ ಎಂಜಿನಿಯರ್ ನಿಲ್ಸ್ ಬೋಲಿನ್ ಎಂಬವನು ರೂಪಿಸಿದನು. ಅದಕ್ಕೂ ಮೊದಲು ಅವನು ಸಾಬ್ ಕಂಪನಿಯಲ್ಲಿ ವಿಮಾನಚಾಲಕರನ್ನು ಅಪಾಯದಲ್ಲಿ ಹೊರಕ್ಕೆಸೆಯುವ ಆಸನಗಳ ಮೇಲೆ ಕೆಲಸ ಮಾಡಿದ್ದನು. 1959ರಿಂದ ಆ ಪಟ್ಟಿಯು ವೋಲ್ವೊ ಕಾರುಗಳಲ್ಲಿ ಬರತೊಡಗಿತು. ಇತರ ಕಂಪನಿಗಳೂ ಅದನ್ನು ಬಳಸಲೆಂದು ವೋಲ್ವೊ ತನ್ನ ಹಕ್ಕನ್ನು ಮುಕ್ತಗೊಳಿಸಿತು. ಬೆಲ್ಟು ಕಟ್ಟಿಕೊಳ್ಳುವುದನ್ನು ಕಾಯಿದೆಯಿಂದ ಕಡ್ಡಾಯ ಮಾಡಿದವರಲ್ಲಿ ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯವು 1970ರಲ್ಲಿ ಮುಂದಾಯಿತು. ನಮ್ಮ ದೇಶದಲ್ಲಿ 1993ರ ತಿದ್ದುಪಡಿಯಂತೆ 1994ರಿಂದ ತಯಾರಾಗುವ ಕಾರುಗಳ ಮುಂದಿನ ಆಸನಗಳಿಗೆ ಬೆಲ್ಟು ಇರಲೇಬೇಕಾಯಿತು. ಬೆಲ್ಟು ಕಟ್ಟಿಕೊಳ್ಳದವರಿಗೆ 2019ರ ತಿದ್ದುಪಡಿಯು 1000 ರೂಪಾಯಿ ದಂಡವನ್ನು ಗೊತ್ತುಪಡಿಸಿದೆ.

ಹಾಗಾದರೆ ಹಳೆಯ ಕಾರಿಗೂ ಮೂರು ನೆಲೆಗಳ ಪಟ್ಟಿಯನ್ನೇ ಏಕೆ ಹಾಕಬಾರದು? ಹಾಕಲು ಸಾಧ್ಯವಾದರೆ ಅದೇ ಉತ್ತಮ. ಆದರೆ ಮೇಲಿನ ನೆಲೆಯು ಎರಡು ಬಾಗಿಲುಗಳ ನಡುವಿನ ಕಂಬದಲ್ಲಿ ಭುಜದ ಎತ್ತರಕ್ಕೆ ಬರಬೇಕು. ಬೆಲ್ಟಿನ ಯೋಚನೆಯೇ ಇಲ್ಲದೆ ಮಾಡಿದ ಈ ಕಾರಿನಲ್ಲಿ ಆ ಕಂಬವು ಒಳಗೆ ಪೊಳ್ಳಾದ ತಗಡು. ಅದನ್ನು ಸೀಳಿ, ಒಳಗೆ ದಪ್ಪ ಉಕ್ಕನ್ನು ಬೆಸೆದು, ಮತ್ತೆ ಮುಚ್ಚುವುದು ನುರಿತವರು ಮಾಡಬೇಕಾದ ಕೆಲಸ. ಅದಾಗದ ಕಡೆ ಸೊಂಟಪಟ್ಟಿಯಾದರೂ ಇರಲಿ ಎಂಬುದೇ ಇಲ್ಲಿಯ ವಿಚಾರ.

ಇನ್ನು ಈ ಪಾಠದ ಮುಖ್ಯ ಭಾಗ. ಮಳೆಗಾಲದಲ್ಲಿ ಎರೆಮಣ್ಣಿಗೆ ಹೊಡೆದ ಗೂಟಕ್ಕೆ ಎಷ್ಟೇ ಹೊಸ ಹಗ್ಗದಿಂದ ಹೋರಿಯನ್ನು ಕಟ್ಟಿದರೂ ಅದು ಒಮ್ಮೆ ಜಗ್ಗಿದರೆ ಹಗ್ಗ ಹರಿಯುವುದಿಲ್ಲ, ಗೂಟವೇ ಕಿತ್ತು ಬರುತ್ತದೆ. ಸೊಂಟಪಟ್ಟಿಯ ಗತಿಯೂ ಅದೇ. ಪೇಟೆಯಲ್ಲಿ ಒಳ್ಳೆಯ ಪಟ್ಟಿ ಸಿಗುತ್ತದೆ. ಕಾರಿನ ನೆಲ ಗಟ್ಟಿಯಿದೆಯೇ ಎಂಬುದೇ ಪ್ರಶ್ನೆ. ಜೀಪಿಗಿರುವಂತೆ ಫಿಯೆಟ್ಟಿಗೆ ಪ್ರತ್ಯೇಕ ಚಾಸಿ ಇಲ್ಲ. ತಗಡುಗಳನ್ನು ಮಡಿಚಿ ಬೆಸೆದ ದೇಹವೇ ಅದರ ಎಲುಬು. ಆ ತಗಡಿನ ಮೇಲೆ ಹಾಸಿದ ಚಾಪೆ ನೀರು ಹಿಡಿದಿಟ್ಟುಕೊಳ್ಳುತ್ತದೆ. ಕೆಳಗಡೆ ನಮ್ಮ ಎರೆಮಣ್ಣು ಮೆತ್ತಿಕೊಂಡು ತಿಂಗಳುಗಟ್ಟಲೆ ಒಣಗುವುದಿಲ್ಲ. ಹೀಗೆ ಎರಡು ಕಡೆಯಿಂದಲೂ ಜಂಗು ತಿನ್ನುತ್ತದೆ.

ಆದುದರಿಂದ ಮೊದಲು ಸೀಟನ್ನೂ ಚಾಪೆಯನ್ನೂ ತೆಗೆದು, ಬಣ್ಣ ಕೆರೆದು, ನೆಲವನ್ನು ಸುತ್ತಿಗೆಯಿಂದ ಮೆಲ್ಲಗೆ ಬಡಿದು ನೋಡಬೇಕು. ಗಟ್ಟಿ ತಗಡು ಖಣಿಲೆನ್ನುತ್ತದೆ, ಜಂಗು ತಿಂದದ್ದು ಮಂಕಾದ ಸದ್ದು ಕೊಡುತ್ತದೆ. ಸಂಶಯವಿದ್ದಲ್ಲಿ ಸ್ಕ್ರೂಡ್ರೈವರಿನಿಂದ ಚುಚ್ಚಿದರೆ ನಿಜ ತಿಳಿಯುತ್ತದೆ. ಕೆಟ್ಟ ಭಾಗವನ್ನು ಕತ್ತರಿಸಿ ಹೊಸ ತಗಡನ್ನು ಬೆಸೆದ ಮೇಲೆಯೇ ಬೆಲ್ಟಿನ ಮಾತು. ಆದ್ದರಿಂದ ಈ ಕೆಲಸವು ಟಿಂಕರಿಂಗ್ ಮುಗಿದ ಮೇಲೆ, ಸೀಟಿನ ಹೊದಿಕೆಯ ಕೆಲಸಕ್ಕೆ ಮೊದಲು ಆಗಬೇಕು.

ಗ್ಯಾರೇಜಿನ ಮಿಸ್ತ್ರಿಯವರು ಬೆಲ್ಟನ್ನು ಸೀಟಿನ ಚೌಕಟ್ಟಿಗೇ ಕಟ್ಟಿದರಾಗದೇ ಎಂದು ಕೇಳಿದರು. ಆಗದು. ಹಾಗೆ ಮಾಡಿದರೆ ಸೀಟಿನ ಭಾರವೂ ಮನುಷ್ಯನ ಭಾರವೂ ಸೀಟನ್ನು ಹಿಡಿದ ಸಣ್ಣ ಬೋಲ್ಟುಗಳ ಮೇಲೆಯೇ ಬೀಳುತ್ತದೆ. ಅವು ಸೀಟು ಅಲುಗದಂತೆ ಹಿಡಿಯಲು ಇರುವುವೇ ಹೊರತು ಅಪಘಾತವನ್ನು ತಡೆಯಲು ಅಲ್ಲ. ಬೆಲ್ಟಿನ ಬೋಲ್ಟು ನೆಲಕ್ಕೇ ಇಳಿಯಬೇಕು. ಸಾಮಾನ್ಯವಾಗಿ ಇದಕ್ಕೆ ಬಳಸುವುದು ಒಂದಂಗುಲದ ಹದಿನಾರರಲ್ಲಿ ಏಳು ಪಾಲು ದಪ್ಪದ, ಅಂಗುಲಕ್ಕೆ 20 ಎಳೆಗಳಿರುವ, ಬೆಲ್ಟಿನ ಜೊತೆಗೇ ಬರುವ ಗಟ್ಟಿ ಉಕ್ಕಿನ ಬೋಲ್ಟು. ಡಬ್ಬದಲ್ಲಿ ಬಿದ್ದಿರುವ ಯಾವುದೋ ಬೋಲ್ಟು ನಡೆಯದು. ಅಮೇರಿಕೆಯ ನಿಯಮದಂತೆ ಸೊಂಟಪಟ್ಟಿಯ ನೆಲೆಗಳು 5000 ಪೌಂಡು, ಅಂದರೆ ಸುಮಾರು 2270 ಕಿಲೋ ಭಾರದ ಎಳೆತವನ್ನು ತಾಳಬೇಕು.

ಬೋಲ್ಟು ಗಟ್ಟಿಯಿದ್ದರೂ ತೆಳು ತಗಡಿಗೆ ಬರೇ ಒಂದು ವಾಷರು ಹಾಕಿ ಬಿಗಿದರೆ, ಎಳೆತ ಬಂದಾಗ ವಾಷರು ತಗಡನ್ನು ಹರಿದುಕೊಂಡು ಮೇಲಕ್ಕೆ ಬಂದುಬಿಡುತ್ತದೆ. ಆ ಎಳೆತವನ್ನು ವಿಶಾಲ ಜಾಗಕ್ಕೆ ಹಂಚಲು ನೆಲದ ಕೆಳಗಡೆ ಉಕ್ಕಿನ ಪಟ್ಟೆಯೊಂದನ್ನು ಇಡಬೇಕು. ಮೋಟಾರು ಪಂದ್ಯಗಳ ಅಂತರರಾಷ್ಟ್ರೀಯ ಸಂಸ್ಥೆಯು ಇಂಥ ಪಟ್ಟೆಗೆ ಕನಿಷ್ಠ 3 ಮಿಲಿಮೀಟರ್ ದಪ್ಪ, 40 ಚದರ ಸೆಂಟಿಮೀಟರ್ ವಿಸ್ತಾರವನ್ನು ಹೇಳಿದೆ. ಅಂದರೆ ಒಂದೊಂದು ಬದಿಗೆ ಆರೂವರೆ ಸೆಂಟಿಮೀಟರಿನ ಚೌಕ. ಅದರ ಮೂಲೆಗಳನ್ನು ಅರದಿಂದ ಉಜ್ಜಿ ದುಂಡಗೆ ಮಾಡಬೇಕು, ಇಲ್ಲವಾದರೆ ಮೂಲೆಯೇ ಚಾಕುವಿನಂತೆ ತಗಡನ್ನು ಸೀಳೀತು. ಕೊರೆಯುವ ಮೊದಲು ಕಾರಿನ ಕೆಳಗೆ ಹೋಗಿ ಬ್ರೇಕಿನ ಕೊಳವೆ, ಪೆಟ್ರೋಲಿನ ಕೊಳವೆ, ವೈರುಗಳು ಎಲ್ಲಿ ಹಾದಿವೆಯೆಂದು ನೋಡಿಕೊಳ್ಳತಕ್ಕದ್ದು. ರಂಧ್ರದ ಅಂಚಿಗೆ ಬಣ್ಣ ಬಳಿಯದೆ ಬಿಟ್ಟರೆ ಅಲ್ಲಿಂದಲೇ ಮತ್ತೆ ಜಂಗು ಆರಂಭವಾಗುತ್ತದೆ.

ನೆಲೆಯ ಸ್ಥಾನವೂ ಮಹತ್ವದ್ದು. ಪಟ್ಟಿಯು ಹೊಟ್ಟೆಯ ಮೇಲಲ್ಲ, ಸೊಂಟದ ಎಲುಬುಗಳ ಮೇಲೆ ಕೂಡ್ರಬೇಕು. ಅದಕ್ಕಾಗಿ ನೆಲೆಗಳು ಸೀಟಿನ ಹಿಂಬದಿಯಲ್ಲಿ, ಪಟ್ಟಿಯು ನೆಲದೊಡನೆ ಸುಮಾರು 45ರಿಂದ 60 ಡಿಗ್ರಿ ಕೋನ ಮಾಡುವಂತೆ ಇರಬೇಕು. ಕೋನ ತೀರ ಕಡಿಮೆಯಾದರೆ ಪಟ್ಟಿ ಮೇಲೇರಿ ಹೊಟ್ಟೆಯನ್ನು ಒತ್ತುತ್ತದೆ, ಮನುಷ್ಯನು ಅದರಡಿಯಿಂದ ಜಾರುತ್ತಾನೆ. ತೀರ ನೆಟ್ಟಗಾದರೆ ಹಿಡಿಯುವ ಮೊದಲೇ ದೇಹ ಮುಂದಕ್ಕೆ ಹೋಗಿರುತ್ತದೆ. ಪಟ್ಟಿಯು ಸೀಟಿನ ಕಬ್ಬಿಣದ ಅಂಚಿಗೆ ಉಜ್ಜಬಾರದು. ಒಂದು ಪಟ್ಟಿಯಲ್ಲಿ ಒಬ್ಬರೇ ಹೊರತು ಇಬ್ಬರಲ್ಲ. ಗರ್ಭಿಣಿಯರು ಅದನ್ನು ಹೊಟ್ಟೆಯ ಕೆಳಗೆ, ತೊಡೆಯ ಬುಡಕ್ಕೆ ಬರುವಂತೆ ಕಟ್ಟಿಕೊಳ್ಳಬೇಕು. ಎಳೆಯ ಮಕ್ಕಳಿಗೆ ಈ ಪಟ್ಟಿ ಹೊಂದುವುದಿಲ್ಲ. ಅವರಿಗೆ ಬೇರೆಯೇ ಆಸನ ಬೇಕು.

ಗುಜರಿಯಲ್ಲಿ ಸಿಗುವ ಹಳೆಯ ಬೆಲ್ಟು ಅಗ್ಗವೆಂದು ಕೊಳ್ಳುವುದು ಸಲ್ಲದು. ಅಪಘಾತದಲ್ಲಿ ಒಮ್ಮೆ ಜಗ್ಗಿದ ಪಟ್ಟಿಯ ಎಳೆಗಳು ಹಿಗ್ಗಿ ಸೋತಿರುತ್ತವೆ. ಬಿಸಿಲಿನಲ್ಲಿ ಬಹುಕಾಲ ಇದ್ದುದೂ ನಿಸ್ಸತ್ವವಾಗಿರುತ್ತದೆ. ಅದನ್ನು ಕತ್ತರಿಸಿ ಮತ್ತೆ ಹೊಲಿಸುವುದಂತೂ ಬೇಡವೇ ಬೇಡ.

ಸೊಂಟಪಟ್ಟಿಯ ಮಿತಿಯನ್ನೂ ಹೇಳದಿದ್ದರೆ ಪಾಠ ಅಪೂರ್ಣವಾದೀತು. ಅದು ಸೊಂಟವನ್ನು ಹಿಡಿದರೂ ಎದೆ ತಲೆಗಳನ್ನು ಹಿಡಿಯುವುದಿಲ್ಲ. ದೇಹವು ಚಾಕುವಿನಂತೆ ಮಡಿಚಿ ತಲೆಯು ಸ್ಟೇರಿಂಗಿಗೆ ಬಡಿಯಬಹುದು, ಹೊಟ್ಟೆಗೂ ಬೆನ್ನೆಲುಬಿಗೂ ಪೆಟ್ಟಾಗಬಹುದು. ಬೆನ್ನೆಲುಬು ಅಡ್ಡಲಾಗಿ ಸೀಳುವ ಒಂದು ಬಗೆಯ ಮುರಿತವನ್ನು 1948ರಲ್ಲಿ ಚಾನ್ಸ್ ಎಂಬ ಆಂಗ್ಲ ವೈದ್ಯನು ವಿವರಿಸಿದ್ದನು. ಮುಂದೆ ಸೊಂಟಪಟ್ಟಿ ಮಾತ್ರ ಕಟ್ಟಿಕೊಂಡವರಲ್ಲಿ ವೈದ್ಯರು ಇದನ್ನೇ ಕಂಡರು. ಹೀಗಿದ್ದರೂ ಬಾಗಿಲು ತೆರೆದು ಹೊರಕ್ಕೆ ಎಸೆಯಲ್ಪಡುವ ಅಪಾಯದಿಂದ ಅದು ಉಳಿಸುತ್ತದೆ. ಪಟ್ಟಿ ಇದೆಯೆಂದು ವೇಗ ಹೆಚ್ಚಿಸುವುದಕ್ಕೆ ಮಾತ್ರ ಅದು ಪರವಾನಗಿಯಲ್ಲ.

ಮಾವನವರ ಪ್ರಶ್ನೆಯಲ್ಲಿ ಒಂದು ನ್ಯಾಯವೂ ಇದೆ. ಹಳೆಯದನ್ನು ಹಳೆಯದಾಗಿಯೇ ಉಳಿಸುವುದು ಒಂದು ಮರ್ಯಾದೆ. ಧರ್ಮಸ್ಥಳದ ಮಂಜೂಷಾ ವಸ್ತುಸಂಗ್ರಹಾಲಯದಲ್ಲಿ ನಿಂತ ಹಳೆಯ ಕಾರುಗಳಿಗೆ ಯಾರೂ ಬೆಲ್ಟು ಹಾಕಬೇಕಿಲ್ಲ. 50 ವರ್ಷ ಮೀರಿದ ವಾಹನಗಳಿಗೆ ‘ವಿ.ಎ.’ ಅಕ್ಷರಗಳ ವಿಶೇಷ ನೋಂದಣಿಯನ್ನು ಕೊಡುವ 2021ರ ಕೇಂದ್ರ ನಿಯಮವು ಚಾಸಿ, ದೇಹ, ಎಂಜಿನ್ನುಗಳಲ್ಲಿ ದೊಡ್ಡ ಮಾರ್ಪಾಡು ಆಗಿರಬಾರದೆನ್ನುತ್ತದೆ. ಆ ನೋಂದಣಿ ಬೇಕೆನ್ನುವವರು ಕೊರೆಯುವ ಮೊದಲೇ ಸಾರಿಗೆ ಕಚೇರಿಯಲ್ಲಿ ವಿಚಾರಿಸಿಕೊಳ್ಳುವುದು ಲೇಸು. ಆದರೆ ರಸ್ತೆಗಿಳಿಯುವ ಕಾರಿನಲ್ಲಿ ಕುಳಿತವರು ವಸ್ತುಸಂಗ್ರಹಾಲಯದ ವಸ್ತುಗಳಲ್ಲ. ನೆಲದಲ್ಲಿ ನಾಲ್ಕು ರಂಧ್ರಗಳಾದರೆ ಕಾರಿನ ಚೆಲುವಿಗೆ ಬರುವ ಕುಂದು ಅಲ್ಪ. ಬೇಡವಾದ ದಿನ ಪಟ್ಟಿಯನ್ನು ಬಿಚ್ಚಿ ಆ ರಂಧ್ರಗಳನ್ನು ಮುಚ್ಚಲೂಬಹುದು. ಇದನ್ನು ಕೇಳಿದ ಮಾವನವರು ಮುಂದಿನ ಸೀಟಿಗೆ ಎರಡು ಪಟ್ಟಿಗಳನ್ನು ಹಾಕಿಸಲು ಒಪ್ಪಿದ್ದಾರೆ. ಮಿಸ್ತ್ರಿಯವರು ಈಗ ನೆಲದ ಜಂಗು ಹಿಡಿದ ತಗಡನ್ನು ಕತ್ತರಿಸುತ್ತಿದ್ದಾರೆ.

ನಮ್ಮಲ್ಲಿ ಅನೇಕರ ಮನೆಗಳಲ್ಲಿ ಹಳೆಯ ಅಂಬಾಸಡರು, ಫಿಯೆಟ್ಟು, ಜೀಪುಗಳು ಇನ್ನೂ ಇವೆ. ರಜೆಗೆ ಊರಿಗೆ ಹೋದಾಗ ಅವುಗಳ ಚಾಪೆಯನ್ನೊಮ್ಮೆ ಎತ್ತಿ ನೋಡಿರೆಂದು ನನ್ನ ಸಹಪಾಠಿಗಳಲ್ಲಿ ವಿನಂತಿ. ಬೆಲ್ಟು ಕೊಳ್ಳುವ ಮೊದಲು ನೋಡಬೇಕಾದದ್ದು ಆ ನೆಲವನ್ನೇ.