ಪ್ಲಾನ್ ಮುಗಿದ ಮೇಲೆ ಏನಾಯಿತು?

ಪ್ರೀತಿಯ ಮಗಳೇ,

ನಿನ್ನ ಪಿಎಚ್‌ಡಿ ಪ್ರಸ್ತಾವನೆ ಓದಿದೆ. ಇದೇ ದಾರಿ ಹಿಡಿದಿರುವ ನಿನ್ನ ಓರಗೆಯವರಿಗೂ ಉಪಯೋಗಕ್ಕೆ ಬಂದೀತು ಅಂತ ಉತ್ತರವನ್ನು ಬಹಿರಂಗವಾಗಿಯೇ ಬರೆಯುತ್ತಿದ್ದೇನೆ.

ಸಂಸ್ಥೆಯೊಂದು ಮುಂದಿನ ಮೂರೋ ಐದೋ ವರ್ಷದಲ್ಲಿ ಯಾವ ಯಾವ ಕಂಪ್ಯೂಟರ್ ವ್ಯವಸ್ಥೆ ಕಟ್ಟಬೇಕು, ಯಾವುದು ಮೊದಲು, ಯಾತಕ್ಕಾಗಿ ಎಂದು ತೀರ್ಮಾನಿಸುವ ಕೆಲಸ ನಿನ್ನ ವಿಷಯ. ಅದರಲ್ಲಿ ಸಂಶೋಧನೆಗೂ ಕಚೇರಿಗೂ ನಡುವೆ ದೊಡ್ಡ ಅಂತರವಿದೆ, ಮ್ಯಾನೇಜರುಗಳು ಜರ್ನಲ್ ಓದದಿರುವುದೇ ಅದಕ್ಕೆ ಕಾರಣ ಎಂದು ಮೊದಲ ಪುಟದಲ್ಲೇ ತೀರ್ಪು ಕೊಟ್ಟುಬಿಟ್ಟಿದ್ದೀಯ. ಅವರು ಓದುವುದಿಲ್ಲ, ನಿಜ. ಓದಿದ್ದರೆ ಅವರಿಗೆ ಬೇಕಾದದ್ದು ಅಲ್ಲಿ ಸಿಗುತ್ತಿತ್ತೇ? ಈ ಕೊರಗು ಹೊಸದೂ ಅಲ್ಲ. 1999ರಲ್ಲಿ ಬೆನ್‌ಬಸಾಟ್ ಮತ್ತು ಜ್ಮಡ್ ಎಂಬ ಇಬ್ಬರು ಪ್ರಾಧ್ಯಾಪಕರು ಈ ಕ್ಷೇತ್ರದ ‘ಎಂಐಎಸ್ ಕ್ವಾರ್ಟರ್ಲಿ’ ಜರ್ನಲಿನಲ್ಲೇ, ನಾವು ಬರೆಯುವುದು ಕೆಲಸ ಮಾಡುವವರಿಗೆ ಯಾಕೆ ಉಪಯೋಗಕ್ಕೆ ಬರುತ್ತಿಲ್ಲ ಎಂದು ದೊಡ್ಡ ಚರ್ಚೆ ಎತ್ತಿದರು. ಪರಿಹಾರ ಹುಡುಕಿದ್ದೂ ಜರ್ನಲಿನೊಳಗೇ ಅನ್ನು.

ಇನ್ನೊಂದು ತಮಾಷೆ ನೋಡು. ಈ ವಿದ್ಯೆ ಹುಟ್ಟಿದ್ದು ವಿಶ್ವವಿದ್ಯಾಲಯದಲ್ಲಲ್ಲ. ‘ಬಿಸಿನೆಸ್ ಸಿಸ್ಟಮ್ಸ್ ಪ್ಲಾನಿಂಗ್’ ಎಂಬ ಕ್ರಮವನ್ನು ಗ್ರಾಹಕರ ನಡುವೆ ಹರಡಿದ್ದು ಯಂತ್ರ ಮಾರುತ್ತಿದ್ದ ಐಬಿಎಂ. ಅದೊಂದು ಕೋಷ್ಟಕ: ಒಂದು ಬದಿಗೆ ಸಂಸ್ಥೆಯ ಕೆಲಸಗಳು, ಇನ್ನೊಂದು ಬದಿಗೆ ದತ್ತಾಂಶದ ವರ್ಗಗಳು, ಯಾವ ಕೆಲಸ ಯಾವ ಮಾಹಿತಿಯನ್ನು ಹುಟ್ಟಿಸುತ್ತದೆ, ಯಾವುದು ಬರೀ ಬಳಸುತ್ತದೆ ಎಂದು ಮನೆ ಮನೆಯಲ್ಲೂ ಗುರುತು ಹಾಕುವುದು. ‘ಅದೆಲ್ಲ ಥಿಯರಿ ಸಾರ್’ ಎನ್ನುವ ಕನ್ಸಲ್ಟೆಂಟ್ ಇವತ್ತು ಪರದೆಯ ಮೇಲೆ ತೋರಿಸುವ ಕೋಷ್ಟಕವೂ ಬಹುಪಾಲು ಅದರ ಮೊಮ್ಮಗುವೇ. ಹೆಸರು ಮಾತ್ರ ಅವನಿಗೆ ಗೊತ್ತಿರುವುದಿಲ್ಲ.

ನೀನು ನಿಧಾನವಾಗಿ ಓದಬೇಕಾದದ್ದು ಲೆಡರರ್ ಮತ್ತು ಸೇಠಿ 1988ರಲ್ಲಿ ಪ್ರಕಟಿಸಿದ ಸಮೀಕ್ಷೆ. ಇಂಥ ಕ್ರಮಗಳಿಂದ ಪ್ಲಾನ್ ಮಾಡಿದ್ದ 80 ಸಂಸ್ಥೆಗಳನ್ನು ಅವರು ವಿಚಾರಿಸಿದರು. ಪ್ಲಾನ್ ಕೈಗೆ ಬಂದು ಎರಡು ವರ್ಷ ದಾಟಿದ್ದರೂ ಅದರಲ್ಲಿ ಹೇಳಿದ್ದ ಪ್ರಾಜೆಕ್ಟುಗಳ ಪೈಕಿ ಶುರುವಾಗಿದ್ದದ್ದು ನೂರಕ್ಕೆ 24 ಮಾತ್ರ. ಪ್ಲಾನಿನಲ್ಲಿ ಇಲ್ಲದೇ ಇದ್ದ ಕೆಲಸಗಳು ಆ ಹೊತ್ತಿಗೆ ಎಷ್ಟೋ ಎದ್ದು ನಿಂತಿದ್ದವು. ಇಷ್ಟು ಗೊತ್ತಾದ ಮೇಲೆ ಯಾರಾದರೂ ಕೇಳಬೇಕಾದದ್ದು, ಉಳಿದ 76ಕ್ಕೆ ಏನಾಯಿತು ಅಂತ. ಹೆಚ್ಚಿನವರು ಕೇಳಿದ್ದು, ಪ್ಲಾನ್ ಮಾಡುವ ಕ್ರಮವನ್ನು ಇನ್ನಷ್ಟು ಚೊಕ್ಕ ಮಾಡುವುದು ಹೇಗೆ ಅಂತ. ಅಂತರ ಇರುವುದು ಅಲ್ಲಿ, ಮಗಳೇ. ಸಂಶೋಧನೆ ಪ್ಲಾನ್ ಹುಟ್ಟುವುದನ್ನು ನೋಡುತ್ತದೆ. ಕಚೇರಿ ಅದರ ಮುಂದಿನ ಬಾಳನ್ನು ಬಾಳುತ್ತದೆ: ಬಜೆಟ್ಟು, ಟೆಂಡರು, ವರ್ಗಾವಣೆ, ಹೊಸ ಮೇಲಧಿಕಾರಿಯ ಹೊಸ ಹುರುಪು.

ನಮ್ಮ ಕರ್ನಾಟಕದ ಭೂದಾಖಲೆ ವ್ಯವಸ್ಥೆ ‘ಭೂಮಿ’ಯನ್ನೇ ತೆಗೆದುಕೋ. ಸುಮಾರು 67 ಲಕ್ಷ ಭೂಮಾಲೀಕರ 2 ಕೋಟಿ ಪಹಣಿ ಕಂಪ್ಯೂಟರಿಗೆ ಏರಿ, ತಾಲ್ಲೂಕು ಕಚೇರಿಯಲ್ಲಿ 15 ರೂಪಾಯಿಗೆ ಪ್ರತಿ ಸಿಗುವಂತಾದ ಕತೆ ಎಲ್ಲರಿಗೂ ಗೊತ್ತು. ಅದಕ್ಕೆ ಮೊದಲಿನ ಕತೆಯನ್ನು ಹೇಳುವವರು ಕಡಿಮೆ. 1991ರಲ್ಲಿ ಗುಲ್ಬರ್ಗ ಜಿಲ್ಲೆಯಲ್ಲಿ ಪ್ರಾಯೋಗಿಕವಾಗಿ ಇದೇ ಕೆಲಸ ಶುರುವಾಗಿ, ಆಮೇಲೆ ಬೇರೆ ಜಿಲ್ಲೆಗಳಿಗೂ ಮಂಜೂರಾಯಿತು. ಪಹಣಿ ತಿದ್ದುಪಡಿಯಾಗುವುದು ತಾಲ್ಲೂಕಿನಲ್ಲಿ. ಅಲ್ಲಿಗೇ ಕಂಪ್ಯೂಟರ್ ಕೊಡುವ ಏರ್ಪಾಡು ಆ ಯೋಜನೆಯಲ್ಲಿ ಇರಲಿಲ್ಲ! ಜಮೀನು ಮಾರಿದರೂ, ಯಜಮಾನ ತೀರಿಕೊಂಡು ಪೌತಿ ಖಾತೆಯಾದರೂ, ಯಂತ್ರದೊಳಗೆ ಹಳೇ ಹೆಸರೇ. ಇಂಥ ಮಾಹಿತಿ ಯಾರಿಗೆ ಬೇಕು?

ಎರಡನೇ ಸಲ, ಅಂದರೆ ‘ಭೂಮಿ’ಯಲ್ಲಿ, ಕೆಲಸ ಕೂಡಿಬಂದದ್ದಕ್ಕೆ ಒಳ್ಳೆಯ ಸಾಫ್ಟ್‌ವೇರ್ ಕಾರಣವೇ ಎಂದರೆ, ಸ್ವಲ್ಪ ಹೌದು. ನನ್ನ ಲೆಕ್ಕದಲ್ಲಿ ದೊಡ್ಡ ಕಾರಣ ಬೇರೆ. ಪಹಣಿ ಕೊಡುವ ಕಿಯಾಸ್ಕ್ ತೆರೆದ ಕಡೆ ಕೈಬರಹದ ಪಹಣಿ ಇನ್ನು ನಡೆಯುವುದಿಲ್ಲ ಎಂದು ಸರ್ಕಾರ ಗಟ್ಟಿಯಾಗಿ ನಿಂತಿತು. ಖಾತೆ ಬದಲಾವಣೆಯ (ಮ್ಯುಟೇಶನ್) ಅರ್ಜಿ ಬಂದ ಸರದಿಯಲ್ಲೇ ವಿಲೇವಾರಿಯಾಗಬೇಕು, ಬೆರಳಚ್ಚು ಕೊಟ್ಟವರಷ್ಟೇ ದಾಖಲೆ ಮುಟ್ಟಬೇಕು ಎಂದಾಯಿತು. ಸುಮಾರು 9,000 ಗ್ರಾಮ ಲೆಕ್ಕಿಗರ ಕೈಯಲ್ಲಿದ್ದ ಹಿಡಿತ ಅಲ್ಲಿಗೆ ಸಡಿಲವಾಯಿತು. ಐಬಿಎಂ ಕೋಷ್ಟಕದಲ್ಲಿ ಇದಕ್ಕೆ ಒಂದು ಮನೆ ತೋರಿಸು, ನೋಡೋಣ.

ಅಷ್ಟಕ್ಕೇ ಚಪ್ಪಾಳೆ ತಟ್ಟಬೇಡ. ಸಾಲೊಮನ್ ಬೆಂಜಮಿನ್ ಮತ್ತು ಸಂಗಡಿಗರು 2007ರಲ್ಲಿ ಇದೇ ‘ಭೂಮಿ’ಯನ್ನು ಬೆಂಗಳೂರಿನ ಅಂಚಿನ ಹಳ್ಳಿಗಳ ಕಡೆಯಿಂದ ನೋಡಿ, ದಾಖಲೆ ಒಂದು ಕಡೆ ಸೇರಿದ್ದರಿಂದ ದೊಡ್ಡ ಕುಳಗಳು ಜಮೀನು ಹಿಡಿಯುವುದು ಸಲೀಸಾಯಿತು ಎಂದು ವಾದಿಸಿದರು. ಹಾಗಾದರೆ ಗೆದ್ದಿತೋ ಸೋತಿತೋ? ಯಾರನ್ನು ಕೇಳುತ್ತೀಯ ಎಂಬುದರ ಮೇಲೆ ಹೋಗುತ್ತದೆ. ನಿನ್ನ ಪ್ರಶ್ನಾವಳಿ ಐಟಿ ಮುಖ್ಯಸ್ಥರಿಗೆ ಮಾತ್ರ ಹೋಗುತ್ತದೆ ಎಂದು ಓದಿ ನನಗೆ ಕಸಿವಿಸಿಯಾದದ್ದು ಅದಕ್ಕೇ. ಅಡುಗೆ ಹೇಗಿತ್ತು ಅಂತ ಭಟ್ಟರನ್ನೇ ಕೇಳಿದ ಹಾಗೆ. ಮೈಕೆಲ್ ಅರ್ಲ್ 1993ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 27 ಕಂಪನಿಗಳ ಐಟಿಯವರ ಜತೆಗೆ ಆಡಳಿತದವರನ್ನೂ, ವಿಭಾಗಗಳನ್ನು ನಡೆಸುವ ಮ್ಯಾನೇಜರುಗಳನ್ನೂ ಮಾತಾಡಿಸಿದ. ಅವನಿಗೆ ಐದು ಬಗೆಯ ನಡೆ ಕಂಡವು. ಹೆಚ್ಚು ಫಲ ಕೊಟ್ಟಂತೆ ತೋರಿದ್ದು, ಎಲ್ಲರೂ ಒಟ್ಟಿಗೆ ಕೂತು, ಒಂದೆರಡು ವಿಷಯ ಹಿಡಿದು, ಕಲಿಯುತ್ತ ಹೋಗುವ ನಡೆ.

ಇಟಲಿಯ ಸಂಶೋಧಕ ಕ್ಲಾಡಿಯೋ ಚಿಬೋರ್ರಾ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಹೆಸರಾದ ವ್ಯವಸ್ಥೆಗಳು ಹುಟ್ಟುವುದು ಪ್ಲಾನಿನಿಂದಲ್ಲ, ಕೈಗೆ ಸಿಕ್ಕಿದ್ದರಲ್ಲಿ ಮಾಡಿ ನೋಡುವುದರಿಂದ ಎಂದ. ಅಮೆರಿಕನ್ ಹಾಸ್ಪಿಟಲ್ ಸಪ್ಲೈ ಕಂಪನಿಯ ಆರ್ಡರ್ ವ್ಯವಸ್ಥೆಯನ್ನು ಬಿಸಿನೆಸ್ ಸ್ಕೂಲುಗಳಲ್ಲಿ ಮಹಾ ತಂತ್ರವೆಂದು ಪಾಠ ಹೇಳುತ್ತಾರಲ್ಲ, ಅದು ಮೊದಲಾದದ್ದು ಒಂದು ಆಸ್ಪತ್ರೆಗೆ ಸರಿಯಾಗಿ ಸರಕು ಮುಟ್ಟಿಸಲಾಗದ ಸ್ಥಳೀಯ ಮ್ಯಾನೇಜರನೊಬ್ಬನಿಂದ. ಮೊದಲೇ ತೂತು ಹಾಕಿದ ಕಾರ್ಡುಗಳನ್ನು ಖರೀದಿ ಗುಮಾಸ್ತರಿಗೆ ಕೊಟ್ಟು ಫೋನಿನ ಮೂಲಕ ಆರ್ಡರ್ ತರಿಸಿಕೊಂಡ, ಅಷ್ಟೇ. ಚಿಬೋರ್ರಾನ ಮಾತನ್ನು ಪೂರ್ತಿ ನಂಬಬೇಡ ಅಂತಲೂ ಹೇಳುತ್ತೇನೆ. ಪ್ಲಾನೇ ಬೇಡ ಎನ್ನುವವರು ನಮ್ಮ ಕಚೇರಿಗಳಲ್ಲಿ ಬೇಕಾದಷ್ಟಿದ್ದಾರೆ. ಅವರ ಬಳಿ ಆರು ವಿಭಾಗಕ್ಕೆ ಗ್ರಾಹಕರ ಆರು ಪಟ್ಟಿ ಇರುತ್ತದೆ, ಒಂದಕ್ಕೊಂದು ತಾಳೆಯಾಗುವುದಿಲ್ಲ.

ಹಾಗಾಗಿ ನಿನ್ನ ಅಧ್ಯಯನವನ್ನು ಚಿಕ್ಕದು ಮಾಡು, ಉದ್ದ ಮಾಡು. ಇನ್ನೂರು ಸಂಸ್ಥೆಗೆ ಪ್ರಶ್ನಾವಳಿ ಕಳಿಸುವ ಬದಲು ಎರಡೋ ಮೂರೋ ಸಂಸ್ಥೆಯ ಹಳೆಯ ಪ್ಲಾನ್ ಕೇಳಿ ತೆಗೆದುಕೋ. ಒಂದೊಂದೇ ಪ್ರಾಜೆಕ್ಟು ಹಿಡಿದು, ಅದು ಯಾವ ಸಭೆಯಲ್ಲಿ ಮುಂದಕ್ಕೆ ಹೋಯಿತು, ಯಾವ ವರ್ಷದ ಬಜೆಟ್ಟಿನಲ್ಲಿ ಕೈಬಿಟ್ಟುಹೋಯಿತು, ಬದಲಿಗೆ ಏನು ಬಂತು ನೋಡು. ನಡಾವಳಿ ಪುಸ್ತಕ ಕೊಡಲು ಅವರು ಹಿಂದೆಮುಂದೆ ನೋಡಿಯೇ ನೋಡುತ್ತಾರೆ. ಹಣಕಾಸು ವಿಭಾಗದ ಹಳಬರನ್ನು ಹಿಡಿ, ಪ್ಲಾನು ಎಲ್ಲಿ ಸತ್ತಿತೆಂದು ಅವರಿಗೆ ನೆನಪಿರುತ್ತದೆ. ಗೈಡ್ ಒಪ್ಪುವುದಿಲ್ಲ, ಮಾದರಿ ಸಂಖ್ಯೆ ಸಾಲದು ಅನ್ನುತ್ತಾರೆ. ಅರ್ಲ್‌ನ ಲೇಖನ ಮೇಜಿನ ಮೇಲಿಟ್ಟು ಮಾತಾಡು.

ಪರಿಷ್ಕರಿಸಿದ ಪ್ರಸ್ತಾವನೆ ಕಳಿಸು, ಓದಿ ಮತ್ತೆ ಜಗಳ ಆಡೋಣ. ಅಣ್ಣ ಅತ್ತಿಗೆಗೆ ನನ್ನ ನಮಸ್ಕಾರ ತಿಳಿಸು.

ಇಂತಿ,
ನಿನ್ನ ಚಿಕ್ಕಪ್ಪ