ಅಜ್ಜಿ ಆಕಳಿಸಿದ ಜಾಗ

ತಮ್ಮಾ, ತಂಗೀ, ಈ ಸಲದ ಪ್ರತಿಭಾ ಕಾರಂಜಿಗೆ ಹೆಸರು ಕೊಟ್ಟೀರಂತ. ಕೇಳಿ ಖುಷಿಯಾಯಿತು. ಕೊಪ್ಪಳ, ಯಲಬುರ್ಗಾ ಕಡೆಯ ಶಾಲೆಗಳಲ್ಲಿ ಎಷ್ಟೋ ವರ್ಷ ನಿರ್ಣಾಯಕನಾಗಿ ಕೂತವನು ನಾನು. ಭಾಷಣ ಸ್ಪರ್ಧೆಯಲ್ಲಿ ಮಕ್ಕಳೆಲ್ಲ ಶುರು ಮಾಡುವುದು ಒಂದೇ ಥರ: ವೇದಿಕೆಯ ಮೇಲೆ ಆಸೀನರಾಗಿರುವ ಗಣ್ಯರೇ, ನಿಷ್ಪಕ್ಷಪಾತ ತೀರ್ಪು ನೀಡುವ ನಿರ್ಣಾಯಕರೇ, ಸಮಯಪಾಲಕರೇ... ಅಷ್ಟಕ್ಕೇ ಅರ್ಧ ಉಸಿರು ಮುಗಿದಿರುತ್ತದೆ. (ನಿಷ್ಪಕ್ಷಪಾತ ಅಂತ ಮೊದಲೇ ಅಂದುಬಿಟ್ಟರೆ ನಮ್ಮ ಮೇಲೆ ನಮಗೇ ಅನುಮಾನ ಬರುತ್ತದೆ.)

ಆಮೇಲಿನದು ಸರ್ ಬರೆದುಕೊಟ್ಟ ಕಾಗದ. ನಾನೂ ಎಂಟನೇ ತರಗತಿಯಲ್ಲಿ ಹಾಗೇ ಬಾಯಿಪಾಠ ಮಾಡಿ ನಿಂತಿದ್ದೆ. ನಡುವೆ ಒಂದು ಪದ ಜಾರಿತು, ಅದರ ಬೆನ್ನಿಗೇ ಇಡೀ ಭಾಷಣ ಹೋಯಿತು. ಕೆಳಗೆ ಕೂತವರು ಚಪ್ಪಾಳೆ ತಟ್ಟಿ ಇಳಿಸಿದರು. ಕಂಠಪಾಠದ ಸ್ಪರ್ಧೆ ಬೇರೆ, ಅಲ್ಲಿ ಅಕ್ಷರ ತಪ್ಪಬಾರದು. ಭಾಷಣಕ್ಕೆ ಮಾತ್ರ ವಾಕ್ಯ ಉರುಹೊಡೆಯಬೇಡಿ. ಯಾವ ಸಂಗತಿಯ ಹಿಂದೆ ಯಾವುದು ಬರಬೇಕು ಅನ್ನುವುದಷ್ಟೇ ನೆನಪಿರಲಿ.

ಸಂಗತಿಯನ್ನಾದರೂ ಮನೆಯಿಂದ ತನ್ನಿ. ಆಶುಭಾಷಣದ ಚೀಟಿಯಲ್ಲಿ ‘ನೀರು’ ಅಂತ ಬಂತೆನ್ನಿ. ‘ಜಲವೇ ಜೀವನ’ ಅಂತ ಹಿಂದಿನ ಹತ್ತು ಮಂದಿ ಹೇಳಿಯಾಗಿರುತ್ತದೆ. 2024ರ ಆಗಸ್ಟ್‌ನಲ್ಲಿ ತುಂಗಭದ್ರಾ ಜಲಾಶಯದ 19ನೇ ಗೇಟು ಚೈನ್ ತುಂಡಾಗಿ ಕೊಚ್ಚಿಹೋಯಿತಲ್ಲ, ಆ ವಾರ ಗಂಗಾವತಿಯ ಭತ್ತದ ರೈತರ ಮನೆಯಲ್ಲಿ ಏನು ಮಾತು ನಡೆಯಿತು? ಅದನ್ನು ಹೇಳಿ. ಕುಷ್ಟಗಿ ಕಡೆಯವರು ಬತ್ತಿದ ಬೋರ್‌ವೆಲ್ಲಿನ ಕತೆ ಹೇಳಲಿ. ಹಾಲ್ ತಾನಾಗಿ ಸುಮ್ಮನಾಗುತ್ತದೆ.

ನಮ್ಮ ಮಾತು ಒರಟು ಅಂತ ಹಿಂಜರಿಯಬೇಡಿ. ಒಂಬತ್ತನೇ ಶತಮಾನದ ಕವಿರಾಜಮಾರ್ಗ ತಿರುಳ್ಗನ್ನಡದ ಸೀಮೆ ಅಂತ ಗುರುತಿಸಿದ ನಾಲ್ಕು ಊರುಗಳಲ್ಲಿ ಕೊಪಣವೂ ಒಂದು, ಅದೇ ಇವತ್ತಿನ ಕೊಪ್ಪಳ. ಇಲ್ಲಿಯ ಮಾತಿನಲ್ಲೇ ಗಂಗಾವತಿ ಪ್ರಾಣೇಶ್ ನಾಡನ್ನೆಲ್ಲ ನಗಿಸಿದ್ದಾರೆ.

ಏಕಪಾತ್ರಾಭಿನಯದವರಿಗೆ ಒಂದು ಮಾತು. ಮೊರನಾಳದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಬಂತು. ಅವರದು ತೊಗಲುಗೊಂಬೆಯಾಟ. ಅದರಲ್ಲಿ ಆಡಿಸುವವರ ಮುಖ ಪರದೆಯ ಹಿಂದೆ. ರಾವಣನ ಸಿಟ್ಟೂ ಸೀತೆಯ ದುಃಖವೂ ದನಿಯಲ್ಲೇ ಕಾಣಬೇಕು. ನೀವೋ ಗದೆ, ಕಿರೀಟಕ್ಕೆ ಅಪ್ಪನ ಜೇಬು ಖಾಲಿ ಮಾಡಿಸುತ್ತೀರಿ, ದನಿ ಮಾತ್ರ ಪಾಠ ಓದುವ ದನಿ. ಗೆಳೆಯನನ್ನು ಕಣ್ಣು ಮುಚ್ಚಿಸಿ ಕೂರಿಸಿ, ಡೈಲಾಗ್ ಹೇಳಿ. ದುರ್ಯೋಧನ ಎದುರಿಗೆ ಬಂದು ನಿಂತನೋ ಇಲ್ಲವೋ, ಅವನೇ ಹೇಳುತ್ತಾನೆ.

ಕ್ಲಸ್ಟರ್, ತಾಲೂಕು, ಜಿಲ್ಲೆ, ರಾಜ್ಯ ಅಂತ ಮೆಟ್ಟಿಲು ಬಹಳ ಇವೆ. ಅದನ್ನೆಲ್ಲ ಈಗಲೇ ಲೆಕ್ಕ ಹಾಕಬೇಡಿ. ಸ್ಪರ್ಧೆಯ ಹಿಂದಿನ ರಾತ್ರಿ ಊಟವಾದ ಮೇಲೆ ಅಜ್ಜಿಯ ಮುಂದೆ ನಿಂತು ಒಮ್ಮೆ ಪೂರ್ತಿ ಹೇಳಿ. ಅವಳು ಎಲ್ಲಿ ಆಕಳಿಸುತ್ತಾಳೋ ಅಷ್ಟನ್ನು ಕತ್ತರಿಸಿ ಹಾಕಿ, ಮಲಗಿ.