ಅಕ್ಕರೆಗೂ ಅರಿವು ಬೇಕು

ಸಾಕಿದವರ ಅಕ್ಕರೆಯೇ ಕೆಲವೊಮ್ಮೆ ಸಾಕುಪ್ರಾಣಿಗೆ ಮುಳುವಾಗುವುದುಂಟು. ಬೆಂಗಳೂರಿನ ಮಹಾಲಕ್ಷ್ಮಿ ಲೇಔಟಿನ ಗುಡ್ಡದ ಮೇಲಿನ ಪ್ರಸನ್ನ ವೀರಾಂಜನೇಯಸ್ವಾಮಿಯ ದರ್ಶನ ಮುಗಿಸಿ ಮನೆಗೆ ಬಂದ ಗೃಹಿಣಿಯು, ಹೊಸ್ತಿಲಲ್ಲಿಯೇ ಬಾಲವಾಡಿಸುತ್ತ ನಿಂತ ನಾಯಿಗೂ ಒಂದು ಪಾಲಿರಲೆಂದು ಕೇಸರಿಬಾತಿನ ತುತ್ತನ್ನು ಇಕ್ಕುವಳಷ್ಟೆ. ಆದರೆ ಆ ತುತ್ತಿನೊಳಗಿನ ಒಣದ್ರಾಕ್ಷಿಯು, ನಮಗೆ ಪುಷ್ಟಿಕರವಾದರೂ, ನಾಯಿಯ ಮೂತ್ರಪಿಂಡಗಳನ್ನು ಕೆಡಿಸಬಲ್ಲದು. ಹುಳಿಯನ್ನದೊಡನೆ ಹೊಟ್ಟೆ ಸೇರುವ ಈರುಳ್ಳಿ, ಬೆಳ್ಳುಳ್ಳಿಗಳು ನಾಯಿ, ಬೆಕ್ಕುಗಳೆರಡರ ರಕ್ತದ ಕೆಂಪುಕಣಗಳನ್ನು ನಾಶಗೊಳಿಸುವುವು. ಮಕ್ಕಳು ಪ್ರೀತಿಯಿಂದ ಹಂಚುವ ಚಾಕೊಲೇಟಿನ ಥಿಯೊಬ್ರೊಮಿನ್ ನಾಯಿಯ ಹೃದಯದ ಗತಿಯನ್ನೇ ತಪ್ಪಿಸಬಹುದು.

ಔಷಧದ ವಿಷಯದಲ್ಲಂತೂ ಎಚ್ಚರವು ಇಮ್ಮಡಿಯಾಗಬೇಕು. ಬೆಕ್ಕಿನ ಮೈ ಬಿಸಿಯಾಗಿದೆಯೆಂದು ಮರುಗಿ, ಮನೆಯ ಡಬ್ಬಿಯಲ್ಲಿರುವ ಪ್ಯಾರಾಸಿಟಮಾಲನ್ನು ಹಾಲಿನಲ್ಲಿ ಅರೆದು ಕುಡಿಸಿದರೆ, ಅದನ್ನು ನಿರ್ವಿಷಗೊಳಿಸುವ ಸಾಮರ್ಥ್ಯವು ಬೆಕ್ಕಿನ ಯಕೃತ್ತಿಗೆ ಅತ್ಯಲ್ಪವಾದುದರಿಂದ, ಒಸಡು ಕಂದುಗಟ್ಟಿ, ಮುಖ ಊದಿ, ಉಸಿರು ಕಟ್ಟತೊಡಗುತ್ತದೆ. ಒಂದೇ ಮಾತ್ರೆ ಅದರ ಪ್ರಾಣಕ್ಕೆ ಎರವಾಗಬಹುದು. ನಾಯಿಯ ಉಣ್ಣೆ, ಚಿಗಟಗಳಿಗೆಂದು ತಂದ ಪರ್ಮೆಥ್ರಿನ್ ಲೇಪವೂ ಬೆಕ್ಕಿಗೆ ವಿಷವೇ.

ಇಂತಹ ಪ್ರಮಾದವು ಸಂಭವಿಸಿತೆಂದು ತಿಳಿದೊಡನೆ ಪರಸ್ಪರ ದೂಷಿಸುತ್ತ ಕುಳಿತುಕೊಳ್ಳದೆ, ಉಪ್ಪುನೀರು ಕುಡಿಸಿ ವಾಂತಿ ಮಾಡಿಸುವ ಸಾಹಸಕ್ಕೂ ಕೈಹಾಕದೆ, ತಿಂದುದು ಏನು, ಎಷ್ಟು, ಯಾವಾಗ ಎಂಬುದನ್ನು ಗುರುತುಹಾಕಿಕೊಂಡು, ಮಾತ್ರೆಯ ಹೊದಿಕೆಯಿದ್ದರೆ ಅದನ್ನೂ ಜೊತೆಗಿಟ್ಟುಕೊಂಡು, ಸಮೀಪದ ಪಶುವೈದ್ಯರಲ್ಲಿಗೋ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆಗೋ ಕೂಡಲೇ ಧಾವಿಸಿರಿ. ರೋಗಲಕ್ಷಣ ಕಾಣಲೆಂದು ಕಾಯಬೇಡಿರಿ. ನಡೆದುದನ್ನು ಸಂಕೋಚದಿಂದ ಮುಚ್ಚಿಡದೆ ವೈದ್ಯರಿಗೆ ಇದ್ದುದನ್ನು ಇದ್ದಂತೆ ಹೇಳಿರಿ.